ಕೆಂಪಾಜಮ್ಮ ಹೇಳಿದ ಕರಡಿ

ಉದಕಮಂಡಲದ ತಪ್ಪಲಿನ ಬೊಕ್ಕಾಪುರಂ ಕೆಂಪಾಜಮ್ಮ ದನ ಸಾಕಿದ್ದು ಹಾಲಿಗಲ್ಲ, ಸಗಣಿಗೆ. ಹೀಗೆಂದರೆ ಗುಂಡ್ಲುಪೇಟೆಯ ನನ್ನ ನೆಂಟರು ನಗುತ್ತಾರೆ. ನಗಲಿ. ಆ ನಾಟಿ ದನಗಳು ಒಂದು ಲೋಟ ಹಾಲು ಕೊಟ್ಟರೆ ಅದೇ ದೊಡ್ಡದು. ಆದರೆ ಕಾಡಂಚಿನಲ್ಲಿ ಮೇದು ಬಂದು ದೊಡ್ಡಿಯಲ್ಲಿ ಅವು ಹಾಕುವ ಸಗಣಿಗೆ ಕೇರಳದ ಕಾಫಿ ತೋಟದವರು ಕಾದು ಕೂತಿರುತ್ತಾರೆ. ಒಣಗಿಸಿ, ಪುಡಿ ಮಾಡಿ, ಚೀಲಕ್ಕೆ ತುಂಬುವುದು ಆಕೆಯ ಕೆಲಸ. ಲಾರಿಗೆ ಹೇರಿ ಗೂಡಲೂರಿನ ಮೇಲೆ ಸಾಗಿಸುವುದು ನನ್ನ ಕೆಲಸ. ನನ್ನ ಹೆಸರು ರಾಚಯ್ಯ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ.

ಆಕೆ ಹದಿನಾರನೇ ವಯಸ್ಸಿಗೆ ತೆರಕಣಾಂಬಿ ಕಡೆಯಿಂದ ಸೊಸೆಯಾಗಿ ಬಂದವಳು. ಗಂಡ ಕಾಯಿಲೆಯಲ್ಲಿ ಹೋದ, ಮಕ್ಕಳಿಲ್ಲ. ದೊಡ್ಡಿಯಲ್ಲಿ ಒಂದು ಕಾಲಕ್ಕೆ ನೂರರ ಮೇಲೆ ದನ ಇದ್ದವು. ಕಾಡು ಹುಲಿಗೆ ಮೀಸಲಾಗಿ, ಮೇಯಿಸುವುದಕ್ಕೆ ಕಟ್ಟುಪಾಡು ಬಂದಾಗ ಊರೆಲ್ಲ ಗಲಾಟೆ ಮಾಡಿತು. ಆಕೆಯೂ ಬಾಯಿಗೆ ಬಂದಂತೆ ಬೈದಳು. ಆಮೇಲೆ ಸದ್ದಿಲ್ಲದೆ ದನ ಮಾರಿ ಮೂವತ್ತಾರಕ್ಕೆ ಇಳಿಸಿದಳು. ಯಾಕಕ್ಕ ಎಂದು ಕೇಳಿದ್ದಕ್ಕೆ, "ಅವುಕ್ಕೂ ಇರಕ್ಕೆ ಜಾಗ ಬ್ಯಾಡ್ವೇನಪ್ಪ?" ಎಂದಳು.

ಹುಲಿ ದನ ಹೊಡೆದರೆ ಆಕೆಯ ಮನೆತನದಲ್ಲಿ ಒಂದು ರೂಢಿ ಇತ್ತು. ಬಿದ್ದ ಹಸುವನ್ನು ಬಿದ್ದಲ್ಲೇ ಬಿಟ್ಟು, ಅದರ ಮೇಲೆ ಒಂದು ಹಸಿ ಸೊಪ್ಪಿನ ಕೊಂಬೆ ಇಡುವುದು. ಮೂರು ದಿನ ದನವಾಗಲಿ ಜನವಾಗಲಿ ಆ ಕಡೆ ಸುಳಿಯಬಾರದು. ಹುಲಿ ನಿಧಾನಕ್ಕೆ ಬಂದು ತಿಂದು ಮುಗಿಸಿ ತನ್ನ ಕಾಡಿಗೆ ಹೋಗುತ್ತದೆ, ದೊಡ್ಡಿಯ ಕಡೆ ತಿರುಗಿ ನೋಡುವುದಿಲ್ಲ ಎಂಬ ನಂಬಿಕೆ. ಒಮ್ಮೆ ಪಕ್ಕದ ದೊಡ್ಡಿಯವನು ಸತ್ತ ಹಸುವಿನ ಮೇಲೆ ಸುರಿಯಲು ಕೀಟನಾಶಕದ ಬಾಟಲಿ ತಂದಿದ್ದ. ಈಕೆ ಹೆಣದ ಪಕ್ಕದಲ್ಲೇ ಕೂತು, ಅರಣ್ಯದ ಗಾರ್ಡ್ ಬರುವವರೆಗೂ ಅವನ ವಂಶವನ್ನೆಲ್ಲ ಜಾಲಾಡಿದಳು. ಆವತ್ತು ನಾನು ಲಾರಿಯಲ್ಲಿ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ.

ಹೋದ ವರ್ಷ ಫೆಬ್ರವರಿಯಲ್ಲಿ, ಲಂಟಾನ ಪೊದೆಗಳೆಲ್ಲ ಒಣಗಿ ನಿಂತಿದ್ದ ಹೊತ್ತಿನಲ್ಲಿ, ಆಕೆಯ ಕೆಂದಹಸು ಹೋಯಿತು. ಹಳ್ಳಕ್ಕೆ ಹೋಗುವ ದಾರಿಯ ಪಕ್ಕ, ಪೊದೆಯೊಳಗೆ ಬಿದ್ದಿತ್ತು. ಹುಲಿ ಹಿಂದೊಡೆ ಮಾತ್ರ ತಿಂದಿತ್ತು. ನಾನು ಜೀಪಿನಲ್ಲಿ ಹೋಗುವಷ್ಟರಲ್ಲಿ ಕೆಂಪಾಜಮ್ಮ ಸೊಪ್ಪಿಟ್ಟು ಮುಗಿಸಿದ್ದಳು.

"ಪರಿಹಾರಕ್ಕೆ ಫೋಟೋ ಬೇಕಲ್ಲಕ್ಕ, ಈ ಪೊದೆ ಒಳಕ್ಕೆ ಯಾರು ಬತ್ತಾರೆ? ರೋಡ್ಗೆ ಎಳ್ದಾಕ್ಬುಡ್ತೀನಿ," ಎಂದೆ.

"ಎಳಿಬ್ಯಾಡ ಕನಪ್ಪ. ಮರಿ ಇರೋ ಹುಲಿ. ಸಂಜೆ ಬಂದು ಹುಡುಕ್ತದೆ."

"ಹುಡುಕ್ಲಿ ಬುಡು."

ಆಕೆ ದನಗಳನ್ನು ಊರಿನ ಆಚೆ ಬದಿಗೆ ಮೇಯಲು ಹೊಡೆದುಕೊಂಡು ಹೋದದ್ದೇ ತಡ, ನಾನು ಹಸುವಿನ ಕೊಂಬಿಗೆ ಹಗ್ಗ ಬಿಗಿದು ಜೀಪಿಗೆ ಕಟ್ಟಿದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ನನ್ನ ಎಣಿಕೆ. ಒಂದು ಫರ್ಲಾಂಗ್ ಎಳೆದು ರಸ್ತೆಯ ಪಕ್ಕ ಹಾಕಿದೆ. ಅಲ್ಲಿಂದ ಆಕೆಯ ದೊಡ್ಡಿಗೆ ಮೂವತ್ತು ಹೆಜ್ಜೆ.

ಮಧ್ಯಾಹ್ನ ಗಾರ್ಡ್ ಸುಧಾಕರನ್ ಬಂದ. ಪೊದೆಯೊಳಗೆ ಯಾರೂ ಬರುವುದಿಲ್ಲ ಎಂದುಕೊಂಡಿದ್ದೆನಲ್ಲ, ಅವನು ಕಾಡೊಳಗಿಂದ ನಡೆದುಕೊಂಡೇ ಬಂದ. "ಎಲ್ಲಿ ಹೊಡೆದದ್ದು? ಬಿದ್ದ ಜಾಗದಲ್ಲೇ ಇರಬೇಕು ಸಾರ್," ಎಂದ. ಎಳೆದೆ ಎನ್ನಲಿಲ್ಲ. ಇಲ್ಲೇ ರಸ್ತೆ ಪಕ್ಕ ಹೊಡೆದದ್ದು ಎಂದುಬಿಟ್ಟೆ. ಕೆಂಪಾಜಮ್ಮ ನನ್ನ ಮುಖ ನೋಡಿ ದೊಡ್ಡಿಯ ಕಡೆ ನಡೆದಳು. ರೆಸಾರ್ಟಿನ ಗಾಡಿಗಳು ಸಾಲಾಗಿ ನಿಂತು ಜನ ಮೊಬೈಲ್ ಹಿಡಿದು ಇಳಿಯತೊಡಗಿದ್ದರು. ಬೇರೆ ದಾರಿ ಕಾಣದೆ ಅರಣ್ಯದವರು ಅಲ್ಲೇ ಗುಂಡಿ ತೆಗೆಸಿ ಹಸುವನ್ನು ಹೂಳಿಸಿದರು.

ಮರುದಿನ ಬೆಳಗ್ಗೆ ಆಕೆ ನನ್ನನ್ನು ಕರೆಸಿ ಧೂಳಿನಲ್ಲಿ ಹೆಜ್ಜೆ ತೋರಿಸಿದಳು. ಹುಲಿ ಪೊದೆಗೆ ಬಂದಿದೆ, ಎಳೆದ ಜಾಡನ್ನೇ ಹಿಡಿದು ರಸ್ತೆಗೆ ಬಂದಿದೆ, ಗುಂಡಿಯನ್ನು ಕೆದರಿದೆ, ದೊಡ್ಡಿಯ ಸುತ್ತ ಎರಡು ಸುತ್ತು ಹಾಕಿದೆ.

"ನೋಡು, ನಮ್ಮನೆ ದಾರಿ ತೋರ್ಸ್ಕೊಟ್ಟಿದ್ದೀಯ," ಎಂದಳು.

ಆ ಜಾಡಿನ ವಾಸನೆ ಕೊಲ್ಲಬೇಕು ಎಂದು ಆಕೆ ಸಗಣಿ ಕದಡಿ ಬಕೆಟ್ಟಿನಲ್ಲಿ ಹೊತ್ತು, ದೊಡ್ಡಿಯ ಕಡೆಯಿಂದ ಸುರಿಯುತ್ತಾ ಹೋದಳು. ಎರಡು ದಿನ ಅದೇ ಕೆಲಸ. ಮೂರನೆಯ ಬೆಳಗ್ಗೆ ಪೊದೆಯ ಹತ್ತಿರದ ಕೊನೆಯ ತುಂಡು ಉಳಿದಿತ್ತು. ನಾನೂ ಆಳುಗಳೂ ಚೀಲ ಹೇರುತ್ತಿದ್ದಾಗ ಆ ಕಡೆಯಿಂದ ಆಕೆಯ ಕೂಗು ಕೇಳಿಸಿತು. ಮೊದಲು ಓಡಿದವನು ನಾನು. ಹುಲಿಯ ಬೆನ್ನು ಕಂಡಿತು, ಅದರ ಹಿಂದೆ ನುಸುಳಿದ ಎರಡು ಮರಿಗಳು ಕಂಡವು. ಉಳಿದವರು ಬರುವಷ್ಟರಲ್ಲಿ ಕೆಳಗೆ ಬಿದ್ದಿದ್ದ ಕೆಂಪಾಜಮ್ಮನ ಹೊರತು ಅಲ್ಲಿ ಏನೂ ಇರಲಿಲ್ಲ. ನೆಲ ಸಗಣಿ ನೀರಿನಿಂದ ಕೆಸರಾಗಿತ್ತು, ಅದನ್ನೂ ಹತ್ತು ಜನ ತುಳಿದರು, ಹುಲಿಯ ಹೆಜ್ಜೆ ಅಳಿಸಿಹೋಯಿತು.

ಉದಕಮಂಡಲದ ಆಸ್ಪತ್ರೆಗೆ ಜೀಪು ಹತ್ತುವಾಗ ಹರಿದ ಭುಜವನ್ನು ಸೀರೆಯಲ್ಲಿ ಒತ್ತಿಕೊಂಡು ಆಕೆ ಹೇಳಿದಳು: "ಕರಡಿ ಅನ್ನು."

"ಅಕ್ಕಾ..."

"ಹುಲಿ ಅಂದ್ರೆ ಬೋನು ತತ್ತಾರೆ. ಮರಿ ಪೊದೆಲೇ ಸಾಯ್ತವೆ. ನೀ ಎಳ್ದಿದ್ದಕ್ಕೆ ಅದ್ಯಾಕೆ ಹೋಗ್ಬೇಕು?" ಜೀಪಿನೊಳಗೆ ಕೂತು ಮತ್ತೆ ಅಂದಳು, "ಜನ್ರನ್ನ ಮಾತ್ರ ಆ ಕಡೆ ಬುಡಬ್ಯಾಡ. ಅದು ನಿನ್ ಜವಾಬ್ದಾರಿ."

ಹೇಳಿಕೆ ಬರೆದುಕೊಳ್ಳಲು ಬಂದವರಿಗೂ ಆಕೆ ಎರಡು ಸಲ ಕರಡಿ ಎಂದೇ ಹೇಳಿದಳು. ಸುಧಾಕರನ್ ನನ್ನನ್ನು ವರಾಂಡಕ್ಕೆ ಕರೆದು, "ನೀವೂ ಕರಡಿ ನೋಡಿದಿರಾ?" ಎಂದ. ಹೌದೆಂದೆ. ಆಕೆ ಮರಿಗಳನ್ನು ಉಳಿಸಲು ಸುಳ್ಳು ಹೇಳಿದಳು. ನಾನು ಹೇಳಿದ್ದು ನನ್ನನ್ನು ಉಳಿಸಿಕೊಳ್ಳಲು. ಹುಲಿ ಎಂದರೆ ರಸ್ತೆಗೆ ಯಾಕೆ ಬಂತು ಎಂದು ಕೇಳುತ್ತಾರೆ, ಹಗ್ಗದ ಸಂಗತಿ ಹೊರಬೀಳುತ್ತದೆ. ಆ ಕ್ಷಣ ನನಗೆ ಹಾಯೆನಿಸಿತು, ಅದನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಗಾಯ ಕೀವಾಗಿ, ಜ್ವರ ಏರಿ, ಹನ್ನೊಂದನೆಯ ದಿನ ಕೆಂಪಾಜಮ್ಮ ತೀರಿಕೊಂಡಳು. ನಿಜ ಗೊತ್ತಿದ್ದ ಇಬ್ಬರಲ್ಲಿ ನಾನೊಬ್ಬನೇ ಉಳಿದೆ.

ದೊಡ್ಡಿಯ ಕೆಲಸಕ್ಕೆ ಬರುತ್ತಿದ್ದ ಲಿಂಗಿ ದನಗಳನ್ನು ನೋಡಿಕೊಳ್ಳತೊಡಗಿದಳು. ಹಳ್ಳಕ್ಕೆ ಇರುವುದು ಅದೊಂದೇ ದಾರಿ. ಆ ಕಡೆ ಹೋಗಬೇಡ ಎಂದು ನಾಲ್ಕು ಸಲ ಹೇಳಿದೆ. ದನಕ್ಕೆ ನೀರು ಬೇಡವೇ ಎಂದು ಅವಳು ಕೇಳಿದಳು. ಒಂದು ವಾರ ನನ್ನ ಲಾರಿಯಲ್ಲೇ ಡ್ರಮ್ಮಿನಲ್ಲಿ ನೀರು ತಂದು ಹಾಕಿದೆ. ಆಮೇಲೆ ತೋಟದವರು ಅವಸರ ಮಾಡಿದರು, ಲಾರಿಯನ್ನು ಡ್ರೈವರ್ ಜೊತೆ ಕೇರಳಕ್ಕೆ ಕಳಿಸಿದೆ, ನೀರು ನಿಂತಿತು.

ಲಾರಿ ಹೋದ ಮರುದಿನ ಬೆಳಗ್ಗೆ ದೊಡ್ಡಿಯ ಬಾಗಿಲ ಮುಂದಿನ ಧೂಳಿನಲ್ಲಿ ಹುಲಿಯ ಹೊಸ ಹೆಜ್ಜೆ ಇತ್ತು, ನನ್ನ ಅಂಗೈಗಿಂತ ಅಗಲ. ಲಿಂಗಿ ದನ ಬಿಚ್ಚುತ್ತಿದ್ದಳು. ಅವಳು ಈ ಕಡೆ ತಿರುಗುವಷ್ಟರಲ್ಲಿ ನಾನು ಹೋಗಿ ಅದರ ಮೇಲೆ ಚಪ್ಪಲಿ ಕಾಲಿಟ್ಟು ನಿಂತೆ. ಯಾಕೆ ಹಾಗೆ ಮಾಡಿದೆ ಎಂದು ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

"ಅಣ್ಣಾ, ಅಮ್ಮನ್ನ ಹಿಡ್ದಿದ್ದು ನಿಜವಾಗೂ ಕರಡೀನೇ ತಾನೇ?" ಎಂದು ಕೇಳಿದಳು. "ಕರಡಿ ಆದ್ರೆ ಭಯ ಇಲ್ಲ. ತಟ್ಟೆ ಬಡುದ್ರೆ ಓಡೋಗ್ತದೆ."

"ಹೂಂ. ಕರಡೀನೇ ಕನವ್ವ."

ಅವಳು ತಟ್ಟೆಯನ್ನೂ ಒಂದು ಕೋಲನ್ನೂ ತೆಗೆದುಕೊಂಡು ದನಗಳ ಹಿಂದೆ ಹೊರಟಳು. ತಟ್ಟೆಯ ಸದ್ದು ಪೊದೆಯ ತಿರುವಿನವರೆಗೂ ಕೇಳಿಸುತ್ತಿತ್ತು. ನಾನು ಕಾಲು ಎತ್ತಲಿಲ್ಲ.