ಬಿಳಿ ಸೀರೆಯ ಹಳದಿ ಗೆರೆ

ನನ್ನ ಮದುವೆಯ ಸೀರೆ ಬಿಳಿಯದು. ಬುದ್ಧನ ಪಟದ ಮುಂದೆ ಬಿಳಿ ಸೀರೆಯುಟ್ಟು ಮದುವೆಯಾಗುವುದು ನಮ್ಮ ಮನೆಯ ಪದ್ಧತಿ. ಹತ್ತಿಯ ಸೀರೆ, ಅಂಚಿಗೆ ಕಿರುಬೆರಳಗಲ ನೀಲಿ ದಾರದ ಗೆರೆ. ವರ್ಷಕ್ಕೆ ಒಂದೆರಡು ಸಲ ಉಡುತ್ತಿದ್ದೆ. ಉಟ್ಟಾಗಲೆಲ್ಲ ನಾನೇ ಒಗೆದು, ಗಂಜಿ ಹಾಕಿ, ನಾನೇ ಇಸ್ತ್ರಿ ಮಾಡಬೇಕು. ಕೆಸರೆಯ ನಮ್ಮ ಮನೆಯಲ್ಲಿ ಆ ಸೀರೆ ಮುಟ್ಟುವ ಧೈರ್ಯ ನನ್ನ ಗಂಡನಿಗೂ ಇರಲಿಲ್ಲ.

ತಂಗಿ ಕೇಳಿದಾಗ ಮಾತ್ರ ಇಲ್ಲ ಎನ್ನಲಾಗಲಿಲ್ಲ. ನನಗಿಂತ ಐದು ವರ್ಷಕ್ಕೆ ಚಿಕ್ಕವಳು. ಮದುವೆಯಾಗಿ ಊರಿನ ಇನ್ನೊಂದು ತುದಿಯ ಶ್ರೀರಾಂಪುರದಲ್ಲಿದ್ದಳು, ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳ ಬಡಾವಣೆಯವರು ಬುದ್ಧಪೂರ್ಣಿಮೆಗೆ ಸೇರುವಾಗ ಎಲ್ಲರಿಗೂ ಪಂಚಶೀಲ ಹೇಳಿಕೊಡುವ ಸರದಿ ಆ ವರ್ಷ ಅವಳಿಗೆ ಬಂದಿತ್ತು.

"ಒಂದೇ ದಿನ ಕಣಕ್ಕ. ಹುಷಾರಾಗಿ ಉಟ್ಕೊಂಡು, ಒಗ್ದು ತಂದ್ಕೊಡ್ತೀನಿ," ಅಂದಳು.

ಕೊಟ್ಟೆ. ವಾರಕ್ಕೆ ಸರಿಯಾಗಿ ಹಳೆಯ ಬೆಡ್‌ಶೀಟಿನ ತುಂಡಿನಲ್ಲಿ ಸುತ್ತಿ ವಾಪಸು ತಂದಳು. ಸೀರೆ ಚೆನ್ನಾಗಿಯೇ ಇತ್ತು, ಆದರೆ ಗಂಜಿಯಿಲ್ಲದೆ ಮೆತ್ತಗಿತ್ತು. ನನಗೆ ಸೀರೆ ಕೈಗೆ ಗರಿಗರಿ ಸಿಗಬೇಕು. ಅವಳು ಹೋದ ಮೇಲೆ ಮತ್ತೆ ಗಂಜಿಯಲ್ಲಿ ಅದ್ದಿ, ಇಸ್ತ್ರಿ ಮಾಡಿ, ಆ ಸಲವೇ ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಿ, ನಾಲ್ಕು ನುಸಿಗುಳಿಗೆ ಸೇರಿಸಿ ಬೀರುವಿನ ಮೇಲಿನ ಅರೆಯಲ್ಲಿಟ್ಟೆ. ನಾನು ಮಾಡಿದ ಈ ಕೆಲಸ ಎಂಟು ತಿಂಗಳ ನಂತರ ನನಗೆ ನೆನಪೇ ಇರಲಿಲ್ಲ.

ಜನವರಿಯಲ್ಲಿ, ನನ್ನ ಶಾಲೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಸೀರೆ ತೆಗೆದೆ. ಬಿಚ್ಚಿದರೆ ಉದ್ದಕ್ಕೂ ಹಳದಿ ಗೆರೆಗಳು. ಕೆಲವು ಕಡೆ ತೆಳುವಾಗಿ, ಕೆಲವು ಕಡೆ ಚಹಾ ಚೆಲ್ಲಿದ ಹಾಗೆ. ಅಲ್ಲಿಯೇ ಮಂಚದ ಮೇಲೆ ಕೂತು ತಂಗಿಗೆ ಫೋನು ಮಾಡಿದೆ. ಅಂಗಡಿಯಲ್ಲಿದ್ದಳು, ಗಿರಾಕಿಗಳ ಮಾತು ಕೇಳುತ್ತಿತ್ತು.

"ಬೆವರು ಹಿಡ್ದಿರೋ ಸೀರೇನ ನೆಟ್ಟಗೆ ಒಗೀದೆ ಇಸ್ತ್ರಿ ಮಾಡಿ ತಂದ್ಕೊಟ್ಬುಟ್ಟೆಯಲ್ಲ, ನಿಂಗೆ ಮನಸಾದ್ರೂ ಎಂಗೆ ಬಂತು?"

"ಇಲ್ಲ ಕಣಕ್ಕ, ಎರಡು ಸಲ ಒಗ್ದೆ. ಮೂರು ನೀರಲ್ಲಿ ಜಾಲಿಸ್ದೆ."

"ಹಂಗಾದ್ರೆ ಇದೇನು? ನಿಂಗೆ ಕೊಟ್ಟಿದ್ದು ಯಾವತ್ತು ನೆಟ್ಟಗೆ ವಾಪಸ್ ಬಂದಿದೆ? ಚಿಕ್ಕೋಳಾಗಿದ್ದಾಗಿಂದ್ಲೂ ಅಷ್ಟೇ ನೀನು. ಗಲೀಜು."

ಆ ಕೊನೆಯ ಪದವನ್ನು ನಾನು ಆಡಬಾರದಿತ್ತು. ಚಿಕ್ಕಂದಿನಲ್ಲಿ ಬೀದಿಯ ಒಂದು ಮನೆಯವರು ನಮ್ಮನ್ನು ಒಳಗೆ ಬಿಟ್ಟುಕೊಳ್ಳದೆ ಆಡುತ್ತಿದ್ದ ಪದ ಅದು. ನಾವಿಬ್ಬರೂ ಕೈಕೈ ಹಿಡಿದು ನಿಂತು ಕೇಳಿಸಿಕೊಂಡಿದ್ದೆವು. ಅವಳು "ಭಾನುವಾರ ಬತ್ತೀನಿ ಅಕ್ಕ," ಎಂದು ಫೋನಿಟ್ಟಳು.

ಹೇಳಿದ ಹಾಗೆ ಭಾನುವಾರ ಎರಡು ಬಸ್ಸು ಹಿಡಿದು ಬಂದಳು. ಬ್ಯಾಗಿನಲ್ಲಿ ಅಡಿಗೆ ಸೋಡದ ಪೊಟ್ಟಣ, ಆರು ನಿಂಬೆಹಣ್ಣು. ಬಂದವಳೇ ಸೆರಗು ಸಿಕ್ಕಿಸಿ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕೂತಳು. ಸೋಡವನ್ನು ನಿಂಬೆರಸದಲ್ಲಿ ಕಲಸಿ ಒಂದೊಂದು ಗೆರೆಗೂ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಿಸಿಲಿಗೆ ಹರವಿ, ಒಂದು ಗಂಟೆ ಕಾದು, ಮತ್ತೆ ಉಜ್ಜಿದಳು. ಕಲೆ ಸ್ವಲ್ಪ ತಿಳಿಯಾಯಿತು, ಹೋಗಲಿಲ್ಲ.

"ಬುಡು, ಇದ್ರಲ್ಲೆಲ್ಲ ಎಲ್ಲಿ ಹೋಗ್ತದೆ," ಎಂದು ನಾನೇ ಬ್ಲೀಚಿನ ಬಾಟಲಿ ತಂದು ಬಕೆಟ್ಟಿಗೆ ಸುರಿದೆ. ಅವಳು "ಬೇಡ ಅಕ್ಕ," ಅಂದಳು. ನಾನು ಕೇಳಲಿಲ್ಲ. ಅರ್ಧ ಗಂಟೆಯ ನಂತರ ಎತ್ತಿದರೆ ಹಳದಿ ಇನ್ನಷ್ಟು ಗಾಢವಾಗಿತ್ತು.

ಆಗ ನನ್ನ ಮುಖದಲ್ಲಿ ಏನು ಕಂಡಳೋ. ಕೈ ಒರೆಸಿಕೊಂಡು, "ಬರ್ತೀನಿ ಅಕ್ಕ," ಎಂದು ಚಪ್ಪಲಿ ಮೆಟ್ಟಿದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಉಂಡು ಹೋಗು ಎಂದು ನಾನು ಹೇಳಲಿಲ್ಲ.

ಅದುವರೆಗೂ ದಿನಾ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅವಳ ಫೋನು ಬರುತ್ತಿತ್ತು. ಯಾರು ಯಾವ ಕನ್ನಡಕ ಹಾಕಿಕೊಂಡು ಎಂಥ ಮುಖ ಮಾಡಿದರು ಎಂದು ಹೇಳಿ ಹೇಳಿ ನಗಿಸುತ್ತಿದ್ದಳು. ಆ ಫೋನು ನಿಂತಿತು. ಹಬ್ಬಕ್ಕೆ, ಹುಷಾರಿಲ್ಲದಿದ್ದರೆ, ಅಮ್ಮನ ಮಾತ್ರೆಯ ವಿಷಯಕ್ಕೆ ಮಾತ್ರ ಮಾತು. ಅವಳೇ ಮೊದಲು ಬಗ್ಗಲಿ ಎಂದು ನಾನು ಕಾದೆ.

ಮಳೆಗಾಲದಲ್ಲಿ ಅವಳಿಗೆ ಡೆಂಗಿ ಬಂತು. ಸಾಮಾನ್ಯ ಜ್ವರ ಅಂದುಕೊಂಡು ಮೂರು ದಿನ ಅಂಗಡಿಗೆ ಹೋಗಿದ್ದಳಂತೆ. ನನಗೆ ಗೊತ್ತಾಗುವಷ್ಟರಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ನಾನು ಹೋದಾಗ ಎಚ್ಚರವಾಗಿದ್ದಳು, ತುಟಿ ಒಣಗಿತ್ತು. ತೀರಾ ಸಣ್ಣ ದನಿಯಲ್ಲಿ ಹೇಳಿದಳು:

"ಅಕ್ಕ, ಆ ಸೀರೆ ವಿಷ್ಯ ಮನಸಲ್ಲಿ ಇಟ್ಕೋಬೇಡ."

"ಅಯ್ಯೋ ಬುಡು, ಅದನ್ನ ನಾನು ಯಾವಾಗ್ಲೋ ಮರ್ತಾಯ್ತು," ಅಂದೆ. ತಪ್ಪು ಮಾಡಿದವಳನ್ನು ಕ್ಷಮಿಸುವವಳ ಹಾಗೆ ಅವಳ ತಲೆ ಸವರಿದೆ. ದೊಡ್ಡ ಮನಸ್ಸು ಮಾಡಿದೆನೆಂದು ಆ ಹೊತ್ತು ನನಗೆ ಒಳಗೊಳಗೇ ಸಮಾಧಾನವೂ ಆಗಿತ್ತು. ಅದಾದ ಎರಡನೆಯ ದಿನ ಮಧ್ಯಾಹ್ನ ಅವಳು ತೀರಿಕೊಂಡಳು.

ಅವಳ ವರ್ಷದ ನೆನಪಿನ ಕಾರ್ಯಕ್ಕೆ ಮನೆಯವರೆಲ್ಲ ಬಿಳಿ ಉಡಬೇಕಿತ್ತು. ಬೇರೆ ಬಿಳಿ ಸೀರೆ ಕೊಳ್ಳಲು ಮನಸ್ಸಾಗಲಿಲ್ಲ. ಕಲೆ ಹಿಡಿದ ಸೀರೆಯನ್ನೇ ಮಂಡಿ ಮೊಹಲ್ಲಾದ ಒಂದು ಹಳೆಯ ಲಾಂಡ್ರಿಗೆ ಒಯ್ದೆ. ಅಂಗಡಿಯ ಮುದುಕರು ಸೀರೆಯನ್ನು ಹಲಗೆಯ ಮೇಲೆ ಹರವಿ, ಮಡಿಕೆಯ ಗುರುತಿನ ಮೇಲೆಯೇ ಮತ್ತೆ ಮಡಚಿದರು. ಹಳದಿ ಗೆರೆಗಳು ಒಂದರ ಮೇಲೊಂದು ಕೂತವು.

"ತಂಗಿ ಉಟ್ಟು ಬೆವರು ಹಿಡೀತು," ಅಂದೆ, ಅಭ್ಯಾಸಬಲದಿಂದ.

"ಬೆವರಲ್ಲ ಕಣಮ್ಮ ಇದು. ಬೆವರಾದ್ರೆ ಕತ್ತಿನತ್ರ, ಸೊಂಟದತ್ರ ಹಿಡೀತದೆ. ಇಲ್ನೋಡಿ, ಮಡಿಕೆ ಎಲ್ಲಿದೆಯೋ ಅಲ್ಲೇ ಬಂದಿದೆ. ಗಂಜಿ ಹಾಕಿ ಎತ್ತಿಟ್ಟಿದ್ರಾ?"

"ಹೂಂ."

"ಪ್ಲಾಸ್ಟಿಕ್ ಕವರಲ್ಲಿ?"

"ಹೂಂ."

"ಅಷ್ಟೇ ಮತ್ತೆ. ಬಿಳಿ ಬಟ್ಟೇನ ತಿಂಗಳಾನುಗಟ್ಲೆ ಇಡೋದಾದ್ರೆ ಗಂಜಿ ಹಾಕ್ಬಾರ್ದು. ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಿ, ಹಳೇ ಬಟ್ಟೇಲಿ ಸುತ್ತಿಡ್ಬೇಕು, ಗಾಳಿ ಆಡ್ಬೇಕು. ಮೇಲೆ ಬ್ಲೀಚ್ ಬೇರೆ ಹಾಕಿದ್ದೀರಿ. ಅದಕ್ಕೇ ಇಷ್ಟು ಕೆಟ್ಟಿದೆ."

ನಾನು ಹಲಗೆಯ ಅಂಚನ್ನು ಹಿಡಿದುಕೊಂಡೆ. ಅವಳು ತಂದುಕೊಟ್ಟದ್ದು ಹಳೆಯ ಬಟ್ಟೆಯಲ್ಲಿ ಸುತ್ತಿ, ಗಂಜಿಯಿಲ್ಲದೆ. ಎತ್ತಿಡಬೇಕಾದ ಹಾಗೆಯೇ ತಂದುಕೊಟ್ಟಿದ್ದಳು. ಕೆಡಿಸಿದವಳು ನಾನು. ಮುದುಕರು ಸ್ಟೂಲು ಎಳೆದು, "ಕೂತ್ಕೊಳ್ಳಿ ತಾಯಿ," ಅಂದರು.

ಮೂರು ದಿನ ಬಿಟ್ಟು ಹೋದಾಗ ಸೀರೆ ಬಿಳಿಯಾಗಿತ್ತು. ಉಗುರುಬೆಚ್ಚನೆ ನೀರಿನಲ್ಲಿ ಯಾವುದೋ ಪುಡಿ ಕಲಸಿ ದಿನವಿಡೀ ನೆನೆಸಿ, ನೀರು ಬದಲಿಸಿ ಮತ್ತೆ ನೆನೆಸಿದೆ ಎಂದರು. ಅದನ್ನು ತೆಗೆದುಕೊಂಡು ನೇರ ಶ್ರೀರಾಂಪುರಕ್ಕೆ ಹೋದೆ. ಯಾರಿಗಾದರೂ ಹೇಳಿಬಿಡಬೇಕಿತ್ತು. ತಂಗಿಯ ಗಂಡ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದರು.

"ಆ ಸೀರೆ ವಿಷಯದಲ್ಲಿ ತಪ್ಪು ನಂದು," ಅಂದೆ.

"ಯಾವ ಸೀರೆ ಅಕ್ಕಾ?"

ಅವಳು ಗಂಡನಿಗೆ ಹೇಳಿಯೇ ಇರಲಿಲ್ಲ. ನಾನು ಆಡಿದ ಮಾತನ್ನಾಗಲೀ ಆ ಭಾನುವಾರವನ್ನಾಗಲೀ ಅವರು ಅರಿಯರು. ಎಲ್ಲವನ್ನೂ ನಾನೇ ಹೇಳಿದೆ, ಆ ಒಂದು ಪದವನ್ನೂ ಬಿಡದೆ. ಅವರು ಕೈಯಲ್ಲಿದ್ದ ಟವೆಲನ್ನು ಮಡಚದೆ ಕೆಳಗಿಟ್ಟರು.

"ಅವ್ಳಿಗೆ ಗೊತ್ತಿತ್ತಲ್ಲ ಅಕ್ಕಾ, ತಾನು ಚೆನ್ನಾಗೇ ಒಗ್ದಿದ್ದೆ ಅಂತ. ಗೊತ್ತಿದ್ದೂ ನಿಮ್ಮನೇಗ್ ಬಂದು ಉಜ್ಜಿದ್ಲಾ?"

ಆ ಮಾತಿನಲ್ಲಿ ಕೋಪವಿರಲಿಲ್ಲ. ನಿಜವಾಗಿ ಕೇಳುತ್ತಿದ್ದರು.

"ಕಾರ್ಯಕ್ಕೆ ಇದನ್ನ ಉಡೋಕೆ ನನ್ನಿಂದಾಗಲ್ಲ, ಅವಳ ಬಟ್ಟೆ ಜೊತೆ ಇಟ್ಬುಡಿ," ಎಂದು ಪೊಟ್ಟಣ ಮುಂದೆ ಚಾಚಿದೆ.

"ಅವ್ಳ ಬಟ್ಟೇನೆಲ್ಲ ಕೊಟ್ಬುಟ್ವಲ್ಲ ಅಕ್ಕಾ," ಅಂದರು.

ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಅಗ್ರಹಾರದ ಸ್ಟಾಪು ಬರುವವರೆಗೆ ಅಳು ತಡೆದುಕೊಂಡೆ, ಆಮೇಲೆ ಆಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಗಾಬರಿಯಾಗಿ, "ಯಾಕಮ್ಮ, ಏನಾಯ್ತು?" ಎಂದು ಭುಜ ಹಿಡಿದಳು.

"ನನ್ ತಂಗಿ," ಅಂದೆ.