ಹೂವಿನ ಹಿಂದಿನ ನೀರಿನ ಟಾಕಿ

ಅವರ ಬಲಗೈಯ ಮೂರು ಬೆರಳುಗಳ ಉಗುರುಗಳು ಕಂದುಬಣ್ಣಕ್ಕೆ ತಿರುಗಿದ್ದವು. ನೋಡಿದವರು ತಂಬಾಕಿನ ಕಲೆ ಎಂದುಕೊಳ್ಳುತ್ತಿದ್ದರು. ಆದರೆ ಅವರು ಅಡಿಕೆಯ ಚೂರನ್ನೂ ಬಾಯಿಗೆ ಹಾಕಿದವರಲ್ಲ. ರೀಲಿನ ಕಾಲದಲ್ಲಿ ಕತ್ತಲೆ ಕೋಣೆಯೊಳಗೆ ಫೋಟೋ ತೊಳೆಯುತ್ತ ವರ್ಷಗಟ್ಟಲೆ ಔಷಧದ ನೀರಿನಲ್ಲಿ ಅದ್ದಿದ ಬೆರಳುಗಳವು. ಮೌಸ್ ಹಿಡಿದಾಗ ಸಣ್ಣಗೆ ನಡುಗುತ್ತಿದ್ದವು. ಕಂಪ್ಯೂಟರಿನ ಮೇಲಿನ ಫೋಟೋದಲ್ಲಿ ಹೂವಿನ ಅಂಚಿಗೆ ಬಂದ ಕೂಡಲೇ ನಡುಕ ನಿಂತುಬಿಡುತ್ತಿತ್ತು.

ನಾಶಿಕದ ಹತ್ತಿರದ ಸೇನಾ ನೆಲೆ ದೇವಳಾಲಿ ಕ್ಯಾಂಪಿನಲ್ಲಿ ಎಲ್ಲರೂ ಅವರನ್ನು ಸ್ಟುಡಿಯೋ ಕಾಕಾ ಎಂದೇ ಕರೆಯುತ್ತಿದ್ದರು. ನನ್ನ ಗಂಡನಿಗೆ ನಾಶಿಕದ ಕಾರ್ಖಾನೆಯೊಂದರಲ್ಲಿ ಕೆಲಸ. ಅತ್ತೆಯ ಉಬ್ಬಸಕ್ಕೆ ಕ್ಯಾಂಪಿನ ಗಾಳಿ ಒಳ್ಳೆಯದೆಂದು ಅಲ್ಲಿ ಮನೆ ಹಿಡಿದಿದ್ದೆವು. ರೀಲು ಹೋಗಿ ಡಿಜಿಟಲ್ ಕ್ಯಾಮೆರಾ ಮನೆಮನೆಗೆ ಬರುತ್ತಿದ್ದ ವರ್ಷಗಳು. ನನ್ನ ಕೈಗೂ ಒಂದು ಬಂತು. ಅಂಗಳದ ದಾಸವಾಳ, ಗುಲಾಬಿ, ಮಲ್ಲಿಗೆಗಳ ಫೋಟೋ ತೆಗೆದದ್ದೇ ತೆಗೆದದ್ದು. ತೆಗೆಯುವಾಗ ಕಣ್ಣಿಗೆ ಹೂವೊಂದೇ ಕಾಣುತ್ತಿತ್ತು. ಪ್ರಿಂಟ್ ಹಾಕಿಸಿದರೆ ಅದರ ಹಿಂದೆ ಅತ್ತೆಯ ಒಣಹಾಕಿದ ಸೀರೆ, ಗ್ಯಾಸ್ ಸಿಲಿಂಡರ್, ಪಕ್ಕದ ಮನೆಯ ನೀರಿನ ಕರಿಯ ಟ್ಯಾಂಕು, ನಮ್ಮ ಮಾತಿನಲ್ಲಿ ಟಾಕಿ.

ಹಾಗೆ ಪ್ರಿಂಟ್ ಹಾಕಿಸಲು ಅವರ ಸ್ಟುಡಿಯೋಗೆ ಹೋದ ದಿನ ನಾನು ಮಗಳನ್ನು ಕನ್ನಡದಲ್ಲಿ ಗದರಿದ್ದು ಅವರ ಕಿವಿಗೆ ಬಿತ್ತು.

"ಯಾವ ಊರಿನವರ್ರಿ ನೀವು?"

"ಆಳಂದ ಕಡೆಯವರ್ರಿ."

"ನಾವು ಭಾಲ್ಕಿ ಕಡ್ಯವ್ರು. ಕೂಡ್ರಿ ತಂಗಿ, ಕೂಡ್ರಿ."

ಅಂದಿನಿಂದ, ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತು ನಾನು ಅವರ ಕಂಪ್ಯೂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತು ಕಲಿಯತೊಡಗಿದೆ. ಅವರ ಜೀವಮಾನದ ಕೆಲಸವೇ ಮನುಷ್ಯರ ಹಿಂದೆ ಏನಿರಬೇಕು ಎಂಬುದನ್ನು ಗೊತ್ತುಮಾಡುವುದು. ಊರಿಗೆ ಫೋಟೋ ಕಳಿಸುವ ಸಿಪಾಯಿಗಳನ್ನು ಕಾಶ್ಮೀರದ ಚಿತ್ರವಿದ್ದ ಪರದೆಯ ಮುಂದೆ ನಿಲ್ಲಿಸುತ್ತಿದ್ದರು. ಅರ್ಜಿಗೆ ಬೇಕೆಂದರೆ ಅದೇ ಸಿಪಾಯಿಯ ಹಿಂದೆ ಬಿಳಿ ಬಟ್ಟೆ. ಈಗ ಆ ಪರದೆಗಳನ್ನೆಲ್ಲ ಸುತ್ತಿ ಅಟ್ಟದ ಮೇಲಿಟ್ಟು, ಕಂಪ್ಯೂಟರಿನಲ್ಲೇ ಹಿಂಬದಿ ಬದಲಿಸುತ್ತಿದ್ದರು.

"ಮೊದಲು ಕಾಲು ಸರಸ್ರಿ, ಆಮ್ಯಾಲ ಮೌಸ್ ಸರಸ್ರಿ" ಎನ್ನುತ್ತಿದ್ದರು. ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ನಿಂತರೆ ಟಾಕಿ ತಾನೇ ಮರೆಯಾಗುತ್ತದೆ, ಅಳಿಸುವ ಕೆಲಸವೇ ತಪ್ಪುತ್ತದೆ ಎಂದು ಅದರ ಅರ್ಥ. ಅಳಿಸಲೇಬೇಕಾದರೆ ಹೂವಿನ ಸುತ್ತ ಗೆರೆ ಎಳೆದು, ಅಂಚನ್ನು ಮೆದುವಾಗಿಸಿ, ಹಿಂದಿನದನ್ನು ಮಸುಕು ಮಾಡಬೇಕು. ಉಳಿದ ಕಡೆಯ ಹಸಿರನ್ನು ಚೂರುಚೂರೇ ತಂದು ಬೇಡದ್ದರ ಮೇಲೆ ಒತ್ತಬೇಕು. "ಅಂಚು ಕತ್ತರಿಯಿಂದ ಕತ್ತರಿಸಿದಾಂಗ ಕಾಣಬಾರದು ತಂಗಿ. ಅಲ್ಲಿ ಗಾಳಿ ಇರ್ತದ."

ಇಷ್ಟೆಲ್ಲ ತಿಳಿಯುತ್ತಿತ್ತು. ತಿಳಿಯದೆ ಹೋದದ್ದು ಅವರು ಯಾವುದನ್ನು ಅಳಿಸುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದು. ಎಸಳಿನ ಮೇಲಿನ ಇರುವೆಯನ್ನು ತೆಗೆಯಹೋದರೆ ಕೈ ಹಿಡಿದು ತಡೆದರು. ಮರುದಿನ ಎಲೆಗಳ ನಡುವಿನ ಚಂದದ ಜೇಡರ ಬಲೆಯನ್ನು ತಾವೇ ಒಂದು ಕ್ಷಣದಲ್ಲಿ ಒರೆಸಿ ಹಾಕಿದರು. ಯಾಕೆಂದು ಕೇಳಿದರೆ, "ನಿನ್ನಿದು ನಿನ್ನಿಗೆ, ಇವತ್ತಿಂದು ಇವತ್ತಿಗೆ" ಎಂದು ಚಹಾ ಹೇಳಲು ಎದ್ದು ಹೋದರು. ನನ್ನ ನೋಟ್‌ಬುಕ್ಕಿನಲ್ಲಿ ನಿಯಮ ಬರೆದುಕೊಳ್ಳುವುದು, ವಾರದೊಳಗೆ ಹೊಡೆದುಹಾಕುವುದು ಇಷ್ಟೇ ಆಯಿತು.

ಎರಡನೆಯ ವರ್ಷ ಸಂಭಾಜಿನಗರದಲ್ಲಿ, ಆಗ ನಾವು ಔರಂಗಾಬಾದ್ ಎನ್ನುತ್ತಿದ್ದ ಊರಿನಲ್ಲಿ, ಪುಷ್ಪ ಪ್ರದರ್ಶನವೊಂದಿತ್ತು. ಹೂವಿನ ಫೋಟೋಗಳಿಗೂ ಸ್ಪರ್ಧೆ. ಕಾಕಾ ತಮ್ಮ ಮಗಳನ್ನು ಆ ಊರಿಗೇ ಕೊಟ್ಟಿದ್ದರು. "ನಡೀರಿ, ಒಂದು ಕಳಸೂಣು" ಎಂದು ಅವರೇ ಹುರಿದುಂಬಿಸಿದರು. ನನ್ನ ಬಿಳಿ ದಾಸವಾಳದ ಫೋಟೋ ಆರಿಸಿದೆವು. ಅದರ ಹಿಂದೆ ಟಾಕಿ ಇತ್ತು. ಅದನ್ನು ನಾನು ಅಳಿಸಿದೆ. ಬಟ್ಟೆ ಒಣಹಾಕುವ ತಂತಿ ಮಾತ್ರ ಕೇಸರದ ಕಡ್ಡಿಯ ಹಿಂದೆಯೇ ಹಾದುಹೋಗಿತ್ತು. ಅದು ನನ್ನಿಂದ ಆಗಲಿಲ್ಲ. ಕಾಕಾ ಒಂದು ಇಡೀ ಮಧ್ಯಾಹ್ನ ಕೂತು, ಕೇಸರದ ಒಂದೊಂದು ಎಳೆಯನ್ನೂ ಬಿಡಿಸಿ ತಂತಿಯನ್ನು ಅಳಿಸಿದರು.

ಅದಕ್ಕೆ ಮೊದಲ ಬಹುಮಾನ ಬಂತು, ತೆಗೆದುಕೊಳ್ಳಲು ಇಬ್ಬರೂ ಆ ಊರಿಗೆ ಹೋದೆವು. ಜನ ಸುತ್ತ ನಿಂತಿದ್ದರು. ಸಂಘಟಕಿ ನನ್ನ ಕೈಗೆ ಹಿತ್ತಾಳೆಯ ಬಟ್ಟಲು ಕೊಡುವ ಮುಂಚೆ, ಇಷ್ಟು ಗಾಢವಾದ ಹಸಿರು ಹಿಂಬದಿ ಎಲ್ಲಿ ಸಿಕ್ಕಿತು ಎಂದು ಮರಾಠಿಯಲ್ಲಿ ಮೆಚ್ಚುಗೆಯಿಂದಲೇ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಕಾಕಾ ಹೇಳಿಬಿಟ್ಟರು: "ಮಾಗೆ ಪಾಣ್ಯಾಚೀ ಟಾಕೀ ಹೋತೀ, ಬಾಯಿ. ಆಮ್ಹೀ ಪುಸಲೀ." ಹಿಂದೆ ನೀರಿನ ಟಾಕಿ ಇತ್ತು, ನಾವು ಅಳಿಸಿದೆವು.

ಸಂಘಟಕಿ ನಿಯಮದ ಹಾಳೆ ತೆಗೆದರು. ಫೋಟೋದಲ್ಲಿ ಏನನ್ನೂ ಸೇರಿಸಬಾರದು, ತೆಗೆಯಬಾರದು ಎಂದು ಅದರಲ್ಲಿತ್ತು. ಸಣ್ಣ ಅಕ್ಷರದ ಆ ಮರಾಠಿಯನ್ನು ನಾನು ಓದಿರಲಿಲ್ಲ. ಬಟ್ಟಲು ಪೈಠಣದ ಮುದುಕರೊಬ್ಬರಿಗೆ ಹೋಯಿತು. ಅವರ ಫೋಟೋದಲ್ಲಿ ಕಮಲದ ಪಕ್ಕದಲ್ಲಿ ಹರಿದ ಪ್ಲಾಸ್ಟಿಕ್ ಚೀಲವೊಂದು ತೇಲುತ್ತಿತ್ತು. ಕಾಕಾ ಹೋಗಿ ಅವರ ಕೈ ಕುಲುಕಿ ಬಂದರು!

ವಾಪಸ್ಸು ಬರುವಾಗ ಮನ್ಮಾಡಿನಲ್ಲಿ ಗಾಡಿ ಬದಲಿಸಬೇಕಿತ್ತು. ಬೆಂಚಿನ ಮೇಲೆ ಕೂತಾಗ ತಡೆಯಲಾಗಲಿಲ್ಲ.

"ಅಳಿಸಿದವರೂ ನೀವೇ, ಹೇಳಿದವರೂ ನೀವೇ. ಹಿಂಗ್ಯಾಕ ಮಾಡಿದ್ರಿ ಕಾಕಾ?"

"ಅವರು ಕೇಳಿದ್ರಲ್ಲ ತಂಗಿ."

"ಕೇಳದೇ ಇದ್ರ?"

"ಕೇಳದಿದ್ರ ಹೇಳ್ತಿದ್ದಿಲ್ಲ."

ಇದು ಪ್ರಾಮಾಣಿಕತೆಯೋ, ಮೊಂಡುತನವೋ, ನನಗೆ ಬಂದ ಹೆಸರು ಅವರಿಗೆ ಸಹಿಸಲಾಗಲಿಲ್ಲವೋ? ಮೂರನ್ನೂ ಯೋಚಿಸಿದೆ. ಯಾವುದೂ ಆ ಮನುಷ್ಯನಿಗೆ ಹೊಂದಲಿಲ್ಲ. ಎರಡು ತಿಂಗಳು ಸ್ಟುಡಿಯೋದ ಕಡೆ ತಲೆ ಹಾಕಲಿಲ್ಲ.

ಒಂದು ದಿನ ತರಕಾರಿ ತರುವಾಗ ಕಣ್ಣು ಹಾಯಿತು. ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ನನ್ನ ದಾಸವಾಳ ಎರಡು ಸಲ ಇತ್ತು. ಒಂದರಲ್ಲಿ ಟಾಕಿ, ತಂತಿ ಎಲ್ಲ ಇದ್ದವು. ಇನ್ನೊಂದರಲ್ಲಿ ಬರೀ ಹಸಿರು. ನನ್ನ ಸೋಲನ್ನು ಪೇಟೆಯಲ್ಲಿ ತೂಗುಹಾಕಿದ್ದಾರೆ ಎನ್ನಿಸಿ ಸಿಟ್ಟಿನಿಂದ ಒಳಗೆ ಹೋದೆ.

"ಇದೇನ್ರಿ ಕಾಕಾ?"

ಅವರು ಕನ್ನಡಕ ತೆಗೆದು ಒರೆಸಿದರು. "ಎರಡರಾಗ ಯಾವುದು ಚೊಲೊ ಅದ, ನನಗೇ ತಿಳೀವಲ್ದು ತಂಗಿ. ಮೂವತ್ತು ವರ್ಷ ಮಂದಿ ಹಿಂದಿಂದು ಮುಚ್ಚಿಕೋತ ಬಂದೀನಿ. ಅವತ್ತು ಆ ಕಮಲ ನೋಡಿದ ಮ್ಯಾಲ ತಲಿ ಕೆಟ್ಟದ. ಹೋಗೋರು ಬರೋರು ಯಾರಾದ್ರೂ ಹೇಳ್ತಾರೇನು ಅಂತ ಇಟ್ಟೀನಿ."

"ಏನಂದ್ರು?"

"ಅರ್ಧ ಮಂದಿ ಇದು ಅಂತಾರ, ಅರ್ಧ ಮಂದಿ ಅದು ಅಂತಾರ."

ನಾನು ತರಕಾರಿ ಚೀಲ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತೆ. ಗುರುವಿಗೇ ಗೊತ್ತಿಲ್ಲವೆಂದಾಗ ಯಾಕೋ ನನ್ನ ಸಿಟ್ಟು ನಿಲ್ಲಲಿಲ್ಲ. ಗೊಂದಲ ಮಾತ್ರ ಹಾಗೇ ಉಳಿಯಿತು, ಈಗ ಇಬ್ಬರದಾಗಿ.

ಮೂರು ವರ್ಷ ಕಳೆದ ಮೇಲೆ ಕಾಕಾ ಮಗಳ ಮನೆಗೆ ಹೋದವರು ಅಲ್ಲೇ ಎದೆನೋವಿನಿಂದ ತೀರಿಕೊಂಡರು. ಉತ್ತರಕ್ರಿಯೆಯ ದಿನ ಹಾರ ಹಾಕಿಡಲು ಒಂದು ಫೋಟೋ ಬೇಕಿತ್ತು. ಅವರ ಹೆಂಡತಿ ಕಾಕಿ ಮನೆಯೆಲ್ಲ ಹುಡುಕಿದರೂ ಕಾಕಾ ಒಬ್ಬರೇ ಇದ್ದದ್ದು ಸಿಗಲಿಲ್ಲ. ಕೊನೆಗೆ ಯಾವುದೋ ಮದುವೆಯ ಗುಂಪು ಫೋಟೋ ತಂದು ನನ್ನ ಕೈಗಿತ್ತರು. ಗೆರೆಗೆರೆಯ ಅಂಗಿ ತೊಟ್ಟು ಕಾಕಾ ನಗುತ್ತಿದ್ದರು. ಹಿಂದೆ ನಿಂತ ಯಾರೋ ಅವರ ಎಡ ಹೆಗಲ ಮೇಲೆ ಕೈ ಇಟ್ಟಿದ್ದರು. ಆ ಮನುಷ್ಯನ ಮುಖ ಇನ್ನೊಬ್ಬರ ಮರೆಯಲ್ಲಿತ್ತು.

"ಇದು ಯಾರ ಕೈರಿ ಕಾಕಿ?"

"ಯಾರದೋ ಏನೋ ಅವ್ವಾ. ಆ ಲಗ್ನದಾಗ ಮಂದಿ ಭಾಳ ಇತ್ತು."

"ಇಡಲೋ, ತೆಗೀಲೋ?"

ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನಗೇನು ಕೇಳ್ತಿ? ನಿನಗ ಕಲಿಸಿದವರು ಅವರು."

ಎರಡು ಮಧ್ಯಾಹ್ನ ಅವರದೇ ಕಂಪ್ಯೂಟರಿನ ಮುಂದೆ ಕೂತೆ. ಜನರನ್ನೆಲ್ಲ ಅಳಿಸಿದೆ. ಕೈಯನ್ನು ಒಮ್ಮೆ ಅಳಿಸಿ, ಮತ್ತೆ ತಂದು, ಕೊನೆಗೆ ಅಳಿಸಿಯೇಬಿಟ್ಟೆ. ಬೆರಳು ಮುಚ್ಚಿದ್ದ ಜಾಗದಲ್ಲಿ ಅಂಗಿಯ ಗೆರೆಗಳನ್ನು ಒಂದೊಂದಾಗಿ ಜೋಡಿಸಿದೆ. ಹುಡುಕಿದರೂ ಯಾರಿಗೂ ಗುರುತು ಸಿಗದಂತಾಯಿತು. ಅಷ್ಟು ಚೆನ್ನಾಗಿ ಅವರು ಕಲಿಸಿದ್ದರು.

ಕಾಕಿ ಹಾರ ಹಾಕಿ, ದೂರ ಸರಿದು ನಿಂತು ನೋಡಿದರು. "ಬರೋಬರ್ ಆಗ್ಯದ" ಎಂದರು. ಆಮೇಲೆ, "ಈ ಕಡೆ ಹೆಗಲು ಸ್ವಲ್ಪ ಇಳಿದಾಂಗ ಕಾಣ್ತದಲ್ಲ?"

ಹೌದು, ಇಳಿದಿತ್ತು. ಕೈ ಹೋಗಿತ್ತು, ಅದರ ಭಾರ ಹೋಗಿರಲಿಲ್ಲ. ನಾನು ತಪ್ಪು ಮಾಡಿದೆನೇ ಎಂದು ಕೇಳಬೇಕಾದವರು ಹಾರದ ಹಿಂದೆ ನಗುತ್ತಿದ್ದರು.