ಬಿರುಕಿನ ತವರು

ನಮ್ಮ ಅಕ್ಕನಿಗೆ ಒಡೆದ ವಸ್ತು ಕಂಡರೆ ಪ್ರಾಣ. ಶಾಖವನ್ನು ನೋಡುವ ಕ್ಯಾಮೆರಾಗಳ ಮುಂದೆ ಕೂರುವ ಇನ್‌ಫ್ರಾರೆಡ್ ಕಿಟಕಿಗಳು, ಅಂದರೆ ಗಾಜಿನಂತೆ ಪಟ್ಟನೆ ಸೀಳುವ ಹಳದಿ ಬಿಲ್ಲೆಗಳು, ಯಾಕೆ ಒಡೆದವೆಂದು ಹುಡುಕುವುದೇ ಅವಳ ಕೆಲಸ. ಬಿರುಕು ಹುಟ್ಟಿದ ಜಾಗವನ್ನು ಅವಳು ‘ತವರು’ ಎನ್ನುತ್ತಾಳೆ. ಪಕ್ಕದಲ್ಲಿ ಕೂತು ಚೂರುಗಳ ಫೋಟೊ ತೆಗೆಯುತ್ತ ಬೈಸಿಕೊಳ್ಳುವ ತಂಗಿ ನಾನು. ಬಿಲ್ಲೆಗಳಿಗೆ ಪಾಲಿಶ್ ಮಾಡುವವರು ಭಾವ. ಒಂದೇ ಕಟ್ಟಡದಲ್ಲಿ ಇಡೀ ಸಂಸಾರ!

ಅಂದು ಒತ್ತಡದ ಪರೀಕ್ಷೆಯಲ್ಲಿ ದೊಡ್ಡ ಬಿಲ್ಲೆಯೊಂದು ಢಮ್ಮೆಂದಿತು. ಸಾಹೇಬರು ನೇರವಾಗಿ ಭಾವನತ್ತ ಬೆರಳು ತೋರಿಸಿದರು.

"ನಿಮ್ಮ ಪಾಲಿಶ್ ಗೀರಿಂದಾನೇ ಒಡೆದಿದೆ. ಅದು ಖಾತ್ರಿಯಾದ್ರೆ ಇನ್ನು ಪಾಲಿಶ್ ಮೇಜಿನ ಹತ್ರ ನೀವು ಬರೋ ಹಾಗಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ನೋಡದೆಯೇ ತೀರ್ಪು ಕೊಡಲು ಇವರು ಯಾರು?

ನಾವು ಕೈಗವಸು ಹಾಕಿಕೊಂಡು ಬರುವಷ್ಟರಲ್ಲಿ ಭಾವ ಗಾಬರಿಯಿಂದ ಚೂರುಗಳನ್ನು ಒಂದಕ್ಕೊಂದು ಒತ್ತಿ ಜೋಡಿಸುತ್ತಿದ್ದರು.

"ಅಯ್ಯೋ, ಬಿಡ್ರೀ!" ಅಕ್ಕ ಕಿರುಚಿದಳು. "ಮುರಿದ ಮುಖಗಳನ್ನ ಹಾಗೆ ಉಜ್ಜಿದ್ರೆ ಗುರುತೆಲ್ಲ ಅಳಿಸಿ ಹೋಗುತ್ತೆ! ಇಷ್ಟು ವರ್ಷ ನನ್ನ ಜೊತೆ ಬಾಳಿ ಇದೂ ಗೊತ್ತಿಲ್ವಾ?"

ಭಾವ ಪೆಚ್ಚಾಗಿ ಮೂಲೆ ಸೇರಿದರು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವಿನ ಚೂರುಗಳು ಹಾಳಾಗಿದ್ದವು. ನನಗೆ ಅಳುವೇ ಬಂತು. ಅಕ್ಕ ಬಿಡುವವಳೇ? ಉಳಿದ ಚೂರುಗಳಲ್ಲಿ ಬೀಸಣಿಗೆಯ ಕಡ್ಡಿಗಳಂತೆ ಹರಡಿದ್ದ ಗೆರೆಗಳ ಬೆನ್ನು ಹತ್ತಿದಳು. ಅವು ಬಿರುಕು ಓಡಿದ ದಾರಿಗಳು. ಹಿಂದಕ್ಕೆ ಹೋದರೆ ಅದು ಹುಟ್ಟಿದ ಜಾಗ ಸಿಗುತ್ತದೆ.

"ಅಂಚಿನ ಕಡೆ ಹೋಗ್ತಿದೆ ಕಣೇ! ದೀಪ ಓರೆ ಮಾಡು, ಬೇಗ!"

ಮಾಡಿದೆ. ಅಂಚಿನಲ್ಲಿ ನುಣುಪಾದ ಪುಟ್ಟ ಅರ್ಧಚಂದ್ರ, ಅದರ ಬುಡದಲ್ಲಿ ಉಕ್ಕು ಒತ್ತಿದ ಕಪ್ಪು ಕಲೆ! ಪಾಲಿಶ್ ಮಾಡಿದ ಮುಖಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ತವರು ಸಿಕ್ತು!" ಎಂದು ಅಕ್ಕ ನನ್ನನ್ನು ತಬ್ಬಿಕೊಂಡು ಕುಣಿದಳು. ನನಗೂ ಕಾಲು ನಿಲ್ಲಲಿಲ್ಲ. ಮೂವರೂ ಓಡಿಯೇ ಸಾಹೇಬರ ಕೋಣೆಗೆ ನುಗ್ಗಿದೆವು.

"ಸರ್, ಗೀರಲ್ಲ! ಬಿಲ್ಲೆಗೂ ಉಕ್ಕಿನ ಚೌಕಟ್ಟಿಗೂ ಮಧ್ಯೆ ರಬ್ಬರ್ ಉಂಗುರ ಸರಿಯಾಗಿ ಕೂತಿರಲಿಲ್ಲ. ಅಂಚಿಗೆ ಉಕ್ಕು ತಾಗಿದೆ. ಉಂಗುರ ಕೂರಿಸಿದವಳು ನಾನೇ!"

ಬಹುಮಾನ ಬಂದವರ ಹಾಗೆ ಅಕ್ಕನ ಮುಖ ಅರಳಿತ್ತು. ಸಾಹೇಬರು ತಬ್ಬಿಬ್ಬಾದರು. ಆಮೇಲೆ ಸಾವರಿಸಿಕೊಂಡು, ಇನ್ನು ಮುಂದೆ ಒತ್ತಡದ ಯಂತ್ರವನ್ನು ಅವಳು ಮುಟ್ಟಬಾರದೆಂದರು.

ಹೊರಗೆ ಬಂದಾಗ ಭಾವನ ಕಣ್ಣು ತುಂಬಿತ್ತು. "ನನ್ನ ಕೆಲಸ ಉಳಿಸೋಕೆ ತಪ್ಪು ನಿನ್ನ ತಲೆ ಮೇಲೆ ಹಾಕ್ಕೊಂಡ್ಯಲ್ಲೇ..."

"ನಿಮಗೋಸ್ಕರ ಯಾರು ಮಾಡಿದ್ರು ರೀ? ನಿಮ್ಮ ಗೀರೇ ಆಗಿದ್ರೆ ಅದನ್ನೂ ಹೀಗೇ ಕುಣ್ಕೊಂಡು ಬಂದು ಹೇಳ್ತಿದ್ದೆ."

"ಗೊತ್ತು ಮಾರಾಯ್ತಿ," ಎಂದರು ಭಾವ, "ನಾನು ಹೆದರಿದ್ದೇ ಅದಕ್ಕೆ."